ಚಿಟ್ಟಿ ರೋಬೋಟ್‌ಗೆ ಬೆಂಗಳೂರಲ್ಲಿ ಎರಡು ವಿಳಾಸ

ಬನಶಂಕರಿ, ಹನುಮಂತನಗರದ ಕಡೆ ಮನೆ ಮಾಡಿರೋರಿಗೆ ಈ ಮಾತು ಕೇಳಿ ಕೇಳಿ ಹಳೇದಾಗಿರುತ್ತೆ: ರಜನೀಕಾಂತ್ ಬೆಳೆದದ್ದು ಇಲ್ಲೇ ಹನುಮಂತನಗರದಲ್ಲಿ, ಓದಿದ್ದು ಗವಿಪುರದ ಸರ್ಕಾರಿ ಕನ್ನಡ ಶಾಲೆಯಲ್ಲಿ, ಸೀಟಿ ಊದಿದ್ದು ಬಿಟಿಎಸ್ ಬಸ್ಸಿನಲ್ಲಿ. ಅದು ನಿಜ. ಆದರೆ 2010ರಲ್ಲಿ ಆತ ನಟಿಸಿದ ‘ಎಂದಿರನ್’ ಸಿನಿಮಾದ ರೋಬೋಟ್‌ನ ಬೇರು ಕೂಡ ಬೆಂಗಳೂರಲ್ಲೇ ಇದೆ ಅಂದ್ರೆ ಆಫೀಸಿನ ಊಟದ ಟೇಬಲ್ಲಿನಲ್ಲಿ ಯಾರೂ ಸುಲಭಕ್ಕೆ ನಂಬಲ್ಲ. ಮುಖ ಹನುಮಂತನಗರದ್ದಾದರೆ, ಮಿದುಳು ಜಾಲಹಳ್ಳಿಯದ್ದು.

ಜಾಲಹಳ್ಳಿ ಅಂದ್ರೆ ಬಿಇಎಲ್. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಸ್. ರಂಗರಾಜನ್ ಅಂತ ಒಬ್ಬ ಎಂಜಿನಿಯರ್ ಇದ್ದರು. 1935ರಲ್ಲಿ ಮದರಾಸಿನಲ್ಲಿ ಹುಟ್ಟಿ, ಶ್ರೀರಂಗಂನಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದವರು. ಎಲೆಕ್ಟ್ರಾನಿಕ್ಸ್ ಓದಿ, ಕೆಲ ವರ್ಷ ವಿಮಾನಯಾನ ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ಬೆಂಗಳೂರಿಗೆ ಬಂದವರು. ಇವತ್ತು ನಾವು ವೋಟ್ ಹಾಕೋ ಇವಿಎಂ ಇದೆಯಲ್ಲ, ಬಿಇಎಲ್‌ನಲ್ಲಿ ಅದನ್ನು ರೂಪಿಸಿದವರಲ್ಲಿ ಇವರೂ ಪ್ರಮುಖರು. ಹಗಲು ಈ ಕೆಲಸ. ಉಳಿದ ಹೊತ್ತಿನಲ್ಲಿ ಹೆಂಡತಿಯ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ತಮಿಳು ವಾರಪತ್ರಿಕೆಗಳಿಗೆ ಕಥೆ, ಧಾರಾವಾಹಿ, ವಿಜ್ಞಾನದ ಅಂಕಣ. ತಮಿಳುನಾಡಿನ ಮನೆಮನೆಗೂ ಗೊತ್ತಿರುವ ‘ಸುಜಾತ’ ಅಂದ್ರೆ ಇವರೇ.

1980ರ ದಶಕದ ಕೊನೆಯಲ್ಲಿ, ಇನ್ನೂ ಬಿಇಎಲ್‌ನಲ್ಲಿದ್ದಾಗಲೇ, ಸುಜಾತ ‘ಆನಂದ ವಿಕಟನ್’ ಪತ್ರಿಕೆಯಲ್ಲಿ ‘ಎನ್ ಇನಿಯ ಇಯಂದಿರಾ’ ಅನ್ನೋ ಧಾರಾವಾಹಿ ಬರೆದರು. ನನ್ನ ಪ್ರೀತಿಯ ಯಂತ್ರವೇ ಅಂತ ಅದರ ಅರ್ಥ. ಕಥೆ ನಡೆಯೋದು 2021ರ ಹೊತ್ತಿನ ಭಾರತದಲ್ಲಿ. ದೇಶವನ್ನು ಜೀವಾ ಅನ್ನೋ ಸರ್ವಾಧಿಕಾರಿ ಆಳ್ತಿದ್ದಾನೆ. ಜನರ ಹೆಸರು ಎರಡೇ ಅಕ್ಷರ ಇರಬೇಕು, ಮಗು ಬೇಕಂದ್ರೆ ಸರ್ಕಾರದ ಅನುಮತಿ ಬೇಕು. ನಿಲಾ ಅನ್ನೋ ಹೆಣ್ಣುಮಗಳ ಗಂಡ ಕಾಣೆಯಾಗ್ತಾನೆ. ಅವಳ ಜೊತೆಗೆ ನಿಲ್ಲೋದು ಜೀನೋ ಅನ್ನೋ ರೋಬೋಟ್ ನಾಯಿ. ಈ ನಾಯಿ ಪುಸ್ತಕ ಓದುತ್ತೆ, ಓದ್ತಾ ಓದ್ತಾ ಸ್ವಂತವಾಗಿ ಯೋಚಿಸೋಕೆ ಶುರು ಮಾಡುತ್ತೆ.

ಇಲ್ಲಿ ಒಂದು ಕ್ಷಣ ನಿಂತು ನೋಡಿ. ಮತ ಎಣಿಸುವ ಯಂತ್ರದ ಕೆಲಸ ಮಾಡುತ್ತಿದ್ದ ಮನುಷ್ಯ, ಮತಕ್ಕೇ ಬೆಲೆಯಿಲ್ಲದ ದೇಶದ ಕಥೆ ಬರೆಯುತ್ತಿದ್ದಾರೆ. ಯಂತ್ರವನ್ನು ಹೊರಗಿನಿಂದ ನೋಡಿ ಬೆರಗಾದವರ ಬರಹವಲ್ಲ ಅದು. ಒಳಗಿನ ಸರ್ಕ್ಯೂಟ್ ಗೊತ್ತಿದ್ದವರಿಗೆ ಮಾತ್ರ ಬರುವ ಅನುಮಾನ ಅದರಲ್ಲಿದೆ.

ಕಾದಂಬರಿ ಓದುಗರಿಗೆ ಹಿಡಿಸಿತು. ‘ಮೀಂಡುಂ ಜೀನೋ’ ಅಂತ ಎರಡನೇ ಭಾಗ ಬಂತು, ದೂರದರ್ಶನದಲ್ಲಿ ಸೀರಿಯಲ್ ಆಯ್ತು. ಸಿನಿಮಾದವರಿಗೆ ಸುಜಾತ ಹೊಸಬರೇನಲ್ಲ. 1977ರ ‘ಗಾಯತ್ರಿ’, 1978ರ ‘ಪ್ರಿಯಾ’ ಎರಡೂ ಅವರ ಬರಹದಿಂದಲೇ ಬಂದವು, ಎರಡರಲ್ಲೂ ರಜನಿ. ‘ಪ್ರಿಯಾ’ ತಮಿಳಿನ ಜೊತೆಜೊತೆಗೇ ಕನ್ನಡದಲ್ಲೂ ತಯಾರಾಗಿತ್ತು, ನಮ್ಮ ಅಂಬರೀಷ್ ಅದರಲ್ಲಿದ್ದರು. 1986ರ ‘ವಿಕ್ರಂ’ನಲ್ಲಿ ಕಮಲ್ ಹಾಸನ್ ಬೆನ್ನಟ್ಟೋದು ‘ಅಗ್ನಿಪುತ್ರ’ ಅನ್ನೋ ಕ್ಷಿಪಣಿಯನ್ನು. ಅದರ ಕಥೆ ಸುಜಾತರದು. ಭಾರತದ ನಿಜವಾದ ‘ಅಗ್ನಿ’ ಹಾರಿದ್ದು 1989ರಲ್ಲಿ!

ನಿರ್ದೇಶಕ ಶಂಕರ್ 2000ದ ಆಸುಪಾಸಿನಲ್ಲಿ ‘ರೋಬೋಟ್’ ಅಂತ ಹೊರಟಾಗ ಸುಜಾತರ ಈ ಎರಡು ಕಾದಂಬರಿಗಳೇ ಅದಕ್ಕೆ ಬೀಜ. ನಾಯಕ ಕಮಲ್, ನಾಯಕಿ ಪ್ರೀತಿ ಜಿಂಟಾ ಅಂತ ಆಗಿತ್ತು, ನಿಂತುಹೋಯ್ತು. ಆಮೇಲೆ ಶಾರುಖ್ ಖಾನ್ ಅಂದ್ರು, ಅದೂ ನಿಂತಿತು. ಕೊನೆಗೆ ರಜನಿ ಒಪ್ಪಿದರು. ಸಂಭಾಷಣೆ ಬರೆಯುತ್ತಿದ್ದ ಸುಜಾತ 2008ರ ಫೆಬ್ರವರಿ 27ರಂದು ತೀರಿಕೊಂಡರು. ಸಿನಿಮಾ ತೆರೆಗೆ ಬಂದಿದ್ದು 2010ರ ಅಕ್ಟೋಬರ್ 1ಕ್ಕೆ. ಖರ್ಚು 130 ಕೋಟಿ ದಾಟಿದೆ ಅಂತ ಆಗ ವರದಿಯಾಗಿತ್ತು. ಅಲ್ಲಿಯವರೆಗೆ ಭಾರತದಲ್ಲಿ ಅಷ್ಟು ದುಬಾರಿ ಸಿನಿಮಾ ಇರಲಿಲ್ಲ.

ಪುಸ್ತಕ ತೆರೆಗೆ ಬರೋವಾಗ ಏನೇನು ಉದುರಿತು? ನಾಯಿ ಹೋಗಿ ಸೂಪರ್‌ಸ್ಟಾರ್ ಬಂದ. ನೂರು ಕೋಟಿಯನ್ನು ಒಂದು ನಾಯಿಯ ಬೆನ್ನ ಮೇಲೆ ಯಾರು ಹೇರ್ತಾರೆ ಹೇಳಿ? ಸರ್ವಾಧಿಕಾರಿ ಹೋಗಿ, ವಿಜ್ಞಾನಿಯ ಹುಡುಗಿಯನ್ನೇ ಪ್ರೀತಿಸುವ ರೋಬೋಟ್ ಬಂತು. ರಾಜಕೀಯ ಜಾರಿ ಪ್ರೇಮಕಥೆ ಉಳಿಯಿತು. ಆದರೂ ಚಿಟ್ಟಿ ರಾಶಿ ರಾಶಿ ಪುಸ್ತಕಗಳಿಂದ ಮನುಷ್ಯರನ್ನು ಕಲಿಯೋದು, ಕಲಿತ ಮೇಲೆ ಹೇಳಿದ್ದನ್ನು ಕೇಳದೇ ಹೋಗೋದು, ಇದರಲ್ಲೆಲ್ಲ ಜೀನೋ ಇನ್ನೂ ಬಾಲ ಅಲ್ಲಾಡಿಸ್ತಾ ಇದೆ.

ಹಾಗಾದ್ರೆ ಕನ್ನಡದಲ್ಲಿ ಯಾಕಾಗಲಿಲ್ಲ? ‘ನಮ್ಮ ಮಾರ್ಕೆಟ್ ಚಿಕ್ಕದು, ದುಡ್ಡಿಲ್ಲ’ ಅನ್ನೋದು ಸಿದ್ಧ ಉತ್ತರ. ಚರಿತ್ರೆ ಇದನ್ನು ಪೂರ್ತಿ ಒಪ್ಪಲ್ಲ. 2002ರಲ್ಲೇ, ಅಂದ್ರೆ ‘ಎಂದಿರನ್’ಗಿಂತ ಎಂಟು ವರ್ಷ ಮೊದಲೇ, ಉಪೇಂದ್ರ ‘ಹಾಲಿವುಡ್’ ಮಾಡಿದ್ದರು. ಅದರಲ್ಲೂ ರೋಬೋಟ್, ಅದೂ ಹುಡುಗಿಯನ್ನು ಪ್ರೀತಿಸುತ್ತೆ, ಶೂಟಿಂಗ್ ಅಮೆರಿಕದಲ್ಲಿ. ಮುಂದೆ ‘ಕೆಜಿಎಫ್’ ಬಂದಾಗ ದುಡ್ಡಿನ ಮಾತೂ ಮುಗಿಯಿತು.

ಕಾದಂಬರಿಗೂ ನಮಗೂ ನಂಟಿರಲಿಲ್ಲ ಅನ್ನೋಹಾಗೂ ಇಲ್ಲ. ಜಯನಗರದಲ್ಲಿ ಒಂದು ಚಿತ್ರಮಂದಿರಕ್ಕೇ ಪುಟ್ಟಣ್ಣನವರ ಹೆಸರಿತ್ತು. ಆ ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’, ‘ಶರಪಂಜರ’ಕ್ಕೆ ತ್ರಿವೇಣಿಯವರ ಬಳಿ ಹೋದರು, ‘ನಾಗರಹಾವು’ಗೆ ತರಾಸು ಬಳಿ ಹೋದರು. ರಜನಿಯನ್ನು ಕನ್ನಡದ ತೆರೆಗೆ ತಂದ 1976ರ ‘ಕಥಾಸಂಗಮ’ ಕೂಡ ಮೂರು ಸಣ್ಣಕಥೆಗಳಿಂದಲೇ ಆದದ್ದು. ವೈಜ್ಞಾನಿಕ ಕಥೆ ಬರೆದ ರಾಜಶೇಖರ ಭೂಸನೂರಮಠ ಇದ್ದರು, ‘ಮಹಾಸಂಪರ್ಕ’ ಬರೆದ ಮನು ಇದ್ದರು. ನಮ್ಮೂರಿಗೆ ಸುಧಾ, ತರಂಗ ಎರಡು ದಿನ ತಡವಾಗಿ ಬರ್ತಿದ್ದವು. ಬಂದ ತಕ್ಷಣ ಧಾರಾವಾಹಿಯ ಪುಟ ಮೊದಲು ಯಾರ ಕೈಗೆ ಅಂತ ಜಗಳ ಆಗ್ತಿತ್ತು.

ಅಂದ್ರೆ ಸಾಮಾನು ಎಲ್ಲ ಇತ್ತು, ಒಂದೇ ಒಲೆಯ ಮೇಲೆ ಇಟ್ಟವರಿರಲಿಲ್ಲ. ತಮಿಳಿನಲ್ಲಿ ಒಬ್ಬ ಎಂಜಿನಿಯರ್ ವಾರ ವಾರ ಬರೆದರು, ಪತ್ರಿಕೆ ದಶಕಗಟ್ಟಲೆ ಜಾಗ ಕೊಟ್ಟಿತು, ಟೀವಿ ಎತ್ತಿಕೊಂಡಿತು, ನಿರ್ದೇಶಕರು ಅದೇ ಲೇಖಕರ ಹತ್ತಿರ ಮತ್ತೆ ಮತ್ತೆ ಹೋದರು. 130 ಕೋಟಿ ಬಂದಿದ್ದು ಇಷ್ಟೆಲ್ಲ ಆದ ಮೇಲೆ, ಎಲ್ಲರಿಗಿಂತ ಕೊನೆಗೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ನಾವು ರಿಲೀಸ್ ಡೇಟ್ ಮಾತ್ರ ನೋಡ್ತೀವಿ. ರಿಕ್ವೈರ್‌ಮೆಂಟ್ ಯಾರು, ಎಷ್ಟು ವರ್ಷ ಕೂತು ಬರೆದ್ರು ಅಂತ ಕೇಳಲ್ಲ.

ಬಿಇಎಲ್, ಎಚ್‌ಎಎಲ್, ಇಸ್ರೋ ಎಲ್ಲಾ ಇರೋ ಊರು ಇದು. ಈಗಂತೂ ಬಿಟಿಎಂ, ಜೆಪಿ ನಗರದ ಪಿಜಿ ಪಿಜಿಯಲ್ಲೂ ಎಐ ಮಾಡೆಲ್‌ಗೆ ಓದೋದು ಕಲಿಸೋರು ಇದ್ದಾರೆ, ಥೇಟ್ ಜೀನೋ ಥರ. ಆ ಯಂತ್ರ ಒಳಗಿನಿಂದ ಹೇಗೆ ಕಾಣುತ್ತೆ, ಅದರ ಬಗ್ಗೆ ಎಲ್ಲಿ ಭಯ ಆಗುತ್ತೆ ಅನ್ನೋದು ಇವರಿಗೆ ಗೊತ್ತು. ಇವರಲ್ಲಿ ಕನ್ನಡದಲ್ಲಿ ಓದಿ ಬೆಳೆದವರು ಬೇಕಾದಷ್ಟು ಜನ. ನಿರ್ಮಾಪಕರು ಬರೋದು ಹೇಗೂ ಕೊನೆಗೇ. ಅಲ್ಲಿಯವರೆಗೆ, ವಾರಕ್ಕೊಂದು ಅಧ್ಯಾಯ ಬರೆಯೋಕೆ ಯಾರ ಬಜೆಟ್ಟೂ ಬೇಕಿಲ್ಲ.