ಗಣಿಧೂಳಿನ ಸೈಕಲ್: ಕಾಗಿಣಾ ಸೀಮೆಯ ಒಂದು ಮಮತೆಯ ಚರಿತ್ರೆ

ಕಲಬುರಗಿ ಜಿಲ್ಲೆಯ ದಕ್ಷಿಣ ಮತ್ತು ಪೂರ್ವ ಭಾಗದಲ್ಲಿ, ಕಾಗಿಣಾ ಹೊಳೆಯ ಸೀಮೆಯಲ್ಲಿರುವ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸೈಕಲ್ ಚರಿತ್ರೆಯನ್ನು ರೈಲಿನಿಂದಲೇ ಆರಂಭಿಸಬೇಕಾಗುತ್ತದೆ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಗಳು ಶಹಾಬಾದ್, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರು ಮುಟ್ಟಿದವು; 1874ರಲ್ಲಿ ನಿಜಾಮರ ರಾಜ್ಯದ ರೈಲುಮಾರ್ಗ ವಾಡಿಯಲ್ಲಿ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಸಿಕಂದರಾಬಾದಿನ ಕಡೆಗೆ ಸಾಗಿತು. ಎರಡೂ ಗಾಲಿಗಳು ಹೆಚ್ಚುಕಡಿಮೆ ಒಂದೇ ಅಳತೆಯವಾಗಿದ್ದು ಚೈನಿನ ಬಲದಿಂದ ಹಿಂಗಾಲಿ ತಿರುಗುವ ಸೈಕಲ್ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ಕೈಯಲ್ಲಿ ರೂಪುಗೊಂಡದ್ದು 1885ರಲ್ಲಿ, ಡನ್ಲಪ್‌ನ ಗಾಳಿ ತುಂಬುವ ಟಾಯರು ಬಂದದ್ದು 1888ರಲ್ಲಿ. ಅಂದರೆ ಈ ಸೀಮೆಯ ಜನ ಸೈಕಲ್ಲಿಗಿಂತ ಮೊದಲು ರೈಲನ್ನು ಕಂಡವರು. ಆದರೆ ರೈಲು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಓಡುತ್ತಿತ್ತೇ ಹೊರತು ಊರಿನಿಂದ ಸ್ಟೇಷನ್ನಿಗೆ, ಹೊಲದಿಂದ ಸಂತೆಗೆ, ಮನೆಯಿಂದ ಗಣಿಗೆ ಇರುವ ದಾರಿಯನ್ನು ಕಾಲ್ನಡಿಗೆಗೂ ಎತ್ತಿನ ಬಂಡಿಗೂ ಬಿಟ್ಟಿತ್ತು. ಚಿಂಚೋಳಿಗಂತೂ ರೈಲು ಬರಲೇ ಇಲ್ಲ. ಸೈಕಲ್ ಬಂದು ನೆಲೆಸಿದ್ದು ಈ ದಾರಿಗಳಲ್ಲಿ. ಅದರ ಮೇಲೆ ಇಲ್ಲಿನ ಜನ ಇಟ್ಟ ಮಮತೆ ಬೆಳೆದದ್ದೂ ಇದೇ ದಾರಿಗಳಲ್ಲಿ.

ನಿಜಾಮರ ಆಳ್ವಿಕೆಯ ಕಾಲದಲ್ಲಿ ಕಾಣುತ್ತಿದ್ದ ಸೈಕಲ್ಲುಗಳು ಬಹುಪಾಲು ಪರದೇಶದವು. ರ‍್ಯಾಲಿ, ಬಿ.ಎಸ್.ಎ., ಹಂಬರ್, ಹರ್ಕ್ಯುಲಿಸ್ ಎಂಬ ಇಂಗ್ಲಿಷ್ ಸೈಕಲ್ಲುಗಳು ಹಡಗಿನಲ್ಲಿ ಬಂದಿಳಿದು, ರೈಲು ಹತ್ತಿ, ಹೊರಗಿನ ಸರಕಿನ ಮೇಲೆ ಹೈದರಾಬಾದ್ ಸಂಸ್ಥಾನ ವಿಧಿಸುತ್ತಿದ್ದ ‘ಕರೋಡಗಿರಿ’ ಎಂಬ ಸುಂಕವನ್ನೂ ಹೊತ್ತು ಇಲ್ಲಿಗೆ ತಲುಪಬೇಕಿತ್ತು. 1930ರ ದಶಕದಲ್ಲಿ ಅಗ್ಗದ ಜಪಾನಿ ಸೈಕಲ್ಲುಗಳೂ ಭಾರತದ ಪೇಟೆಗೆ ನುಗ್ಗಿದವು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಎರಡೂ ಕಡೆಯ ಸರಕು ದುರ್ಲಭವಾಯಿತು. ಅಂಥ ಕಾಲದಲ್ಲಿ ಸೈಕಲ್ ಇಟ್ಟುಕೊಂಡವರು ರೈಲ್ವೆ ನೌಕರರು, ಸರ್ಕಾರಿ ಅಧಿಕಾರಿಗಳು, ವಕೀಲರು ಮತ್ತು ಉಳ್ಳವರ ಮನೆಯ ಮಕ್ಕಳು. ಅವರಿಗೂ ತಮ್ಮ ಸೈಕಲ್ಲಿನ ಮೇಲೆ ಪ್ರೀತಿ ಇದ್ದಿತು, ಆದರೆ ಅದು ಪ್ರತಿಷ್ಠೆಯ ವಸ್ತುವಿನ ಮೇಲಿನ ಪ್ರೀತಿ. ದುಡಿಯುವವನು ತನ್ನ ಸೈಕಲ್ಲನ್ನು ಪ್ರೀತಿಸಿದ ಬಗೆ ಬೇರೆ, ಅದು ಹುಟ್ಟಿದ ಜಾಗವೂ ಬೇರೆ.

ಆ ಜಾಗ ಸುಣ್ಣದಕಲ್ಲಿನದು. ಭೂವಿಜ್ಞಾನಿಗಳು ಭೀಮಾ ಶ್ರೇಣಿ ಎಂದು ಕರೆಯುವ ಪದರಗಲ್ಲು ಈ ತಾಲ್ಲೂಕುಗಳ ನೆಲದಡಿ ಹಾಸಿಕೊಂಡಿದೆ. ಅದನ್ನು ಹಲಗೆಯಂತೆ ಎಬ್ಬಿಸಿ, ಅಂಚು ಕಡಿದು, ನೆಲಹಾಸಿಗೆ ಮಾರುವ ಉದ್ಯಮದಿಂದಲೇ ‘ಶಹಾಬಾದ್ ಕಲ್ಲು’ ದೇಶದ ಉದ್ದಗಲಕ್ಕೂ ಹೆಸರಾಯಿತು. ಅದೇ ಕಲ್ಲನ್ನು ಸುಟ್ಟು ಅರೆದರೆ ಸಿಮೆಂಟು. ಶಹಾಬಾದಿನಲ್ಲಿ 1920ರ ದಶಕದಲ್ಲಿ ಆರಂಭವಾದ ಸಿಮೆಂಟ್ ಕಂಪನಿ 1936ರಲ್ಲಿ ಹಲವು ಕಂಪನಿಗಳು ಕೂಡಿ ರಚನೆಯಾದ ಎ.ಸಿ.ಸಿ.ಯಲ್ಲಿ ಸೇರಿತು. ಮುಂದೆ, 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಬಂದು, 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಕೂಡಿಕೊಂಡ ಬಳಿಕ, 1960ರ ದಶಕದ ಕೊನೆಗೆ ವಾಡಿಯಲ್ಲಿ, 1970ರ ದಶಕದಲ್ಲಿ ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂಗಳಲ್ಲಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡವಾದುದರಿಂದ ಅಮೋಘವರ್ಷನ ಕೋಟೆಯ ಊರಿಗೆ ಕಾರ್ಖಾನೆಯ ಪಾಳಿಗಳು ಬಂದಂತಾಯಿತು.

‘ಪಾಳಿ’ ಎಂದರೆ ದಿನದ ಇಪ್ಪತ್ತನಾಲ್ಕು ತಾಸನ್ನು ಮೂರು ಭಾಗ ಮಾಡಿ ಹಂಚಿದ ದುಡಿಮೆಯ ಅವಧಿ: ಬೆಳಗಿನ ಆರರಿಂದ ಮಧ್ಯಾಹ್ನ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಮತ್ತೆ ಬೆಳಗಿನ ಆರು. ಸಿಮೆಂಟಿನ ಭಟ್ಟಿಯನ್ನು ಮನಬಂದಾಗ ಆರಿಸಿ ಹೊತ್ತಿಸಲು ಬರುವುದಿಲ್ಲವಾದ್ದರಿಂದ ಕೆಲಸಗಾರನ ದಿನ ಭಟ್ಟಿಯ ಹೊತ್ತಿಗೆ ಹೊಂದಿಕೊಳ್ಳಬೇಕಾಯಿತು. ರಾತ್ರಿ ಹತ್ತಕ್ಕೆ ಪಾಳಿ ಮುಗಿಸಿದವನಿಗೆ ಬಸ್ಸಿಲ್ಲ, ಬೆಳಗಿನ ಆರರ ಪಾಳಿಗೆ ಹೊರಡುವವನಿಗೆ ಬಂಡಿಯಿಲ್ಲ. ಕಾರ್ಖಾನೆಯ ಕಾಲೊನಿಯಲ್ಲಿ ಮನೆ ಸಿಕ್ಕವರು ಕೆಲವರು. ಉಳಿದವರು ಸುತ್ತಲ ಹಳ್ಳಿಗಳಲ್ಲಿ ತುಂಡು ಹೊಲ, ಒಂದೆರಡು ದನ, ವಯಸ್ಸಾದ ತಂದೆತಾಯಿಗಳನ್ನು ಇಟ್ಟುಕೊಂಡವರು. ಊರು ಬಿಡದೆ, ತೊಗರಿಯ ಹೊಲವನ್ನು ಪರರ ಪಾಲಿಗೆ ಕೊಡದೆ, ತಿಂಗಳ ಸಂಬಳವನ್ನೂ ಪಡೆಯುವ ದಾರಿಯನ್ನು ಇವರಿಗೆ ಸೈಕಲ್ ತೆರೆಯಿತು. ಈ ಸೀಮೆಯಲ್ಲಿ ಸೈಕಲ್ಲಿನ ಮೇಲೆ ಇಷ್ಟೊಂದು ಕಕ್ಕುಲಾತಿ ಏಕೆಂದು ಕೇಳುವವರು ಈ ಒಂದು ಅಂಶವನ್ನು ಮರೆಯುವಂತಿಲ್ಲ. ಅದು ಕೂಲಿಯವನನ್ನು ಅವನ ಊರಿನಲ್ಲಿಯೇ ಉಳಿಸಿದ ವಾಹನ.

ಇಷ್ಟು ಹೊತ್ತಿಗೆ ಸೈಕಲ್ಲೂ ಸ್ವದೇಶದ್ದಾಗಿತ್ತು. ಮದ್ರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್ 1949ರಲ್ಲಿ, ಹರಿಯಾಣದ ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೊ 1956ರಲ್ಲಿ ಸ್ಥಾಪನೆಯಾದವು. ಬಂಗಾಳದ ಆಸನ್ಸೋಲಿನಲ್ಲಿ ಸೇನ್-ರ‍್ಯಾಲಿ ಕಾರ್ಖಾನೆ ಎದ್ದಿತು. ಇವೆಲ್ಲ ಮಾಡಿದ್ದು ಒಂದೇ ಜಾತಿಯ ಸೈಕಲ್ಲನ್ನು: ಕಪ್ಪು ಬಣ್ಣ, 22 ಅಥವಾ 24 ಇಂಚು ಎತ್ತರದ ಚೌಕಟ್ಟು, 28 ಇಂಚಿನ ಗಾಲಿ, ಮುಂಗಾಲಿಗೆ 32 ಕಡ್ಡಿ, ಭಾರ ಬೀಳುವ ಹಿಂಗಾಲಿಗೆ 40 ಕಡ್ಡಿ, ತಂತಿಯ ಬದಲು ಉಕ್ಕಿನ ಸಲಾಕೆಯಿಂದ ಎಳೆಯುವ ರಾಡ್ ಬ್ರೇಕು, ಚೈನನ್ನು ಮುಚ್ಚುವ ತಗಡಿನ ಕವರು, ಸ್ಪ್ರಿಂಗಿನ ಮೇಲೆ ಕೂತ ಚರ್ಮದ ಸೀಟು, ಹಿಂದೆ ಕಬ್ಬಿಣದ ಕ್ಯಾರಿಯರು. ಇಪ್ಪತ್ತು ಕಿಲೊದ ಆಸುಪಾಸಿನ ಈ ವಾಹನದಲ್ಲಿ ಹಗುರ ಎನ್ನಬಹುದಾದ ಭಾಗ ಗಂಟೆಯೊಂದೇ. ಆದರೆ ಅದರ ಪ್ರತಿ ಭಾಗವನ್ನೂ ಕೈಯ ಪಾನಾದಿಂದ ಬಿಚ್ಚಬಹುದಿತ್ತು, ಮತ್ತೆ ಕೂಡಿಸಬಹುದಿತ್ತು. ಮುಂದೆ ಹೇಳುವ ಮಮತೆಗೆ ಈ ಗುಣವೇ ಆಧಾರ.

ಇದನ್ನು ಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಸರ್ಕಾರಿ ನೌಕರರಿಗೆ ‘ಸೈಕಲ್ ಮುಂಗಡ’ ಎಂಬ ಸಾಲದ ಸೌಲಭ್ಯವಿತ್ತು. ಇಲಾಖೆ ಕೊಟ್ಟ ಹಣವನ್ನು ತಿಂಗಳ ಸಂಬಳದಲ್ಲಿ ಕಂತು ಕಂತಾಗಿ ಮುರಿದುಕೊಳ್ಳಲಾಗುತ್ತಿತ್ತು. ಗಣಿಯ ಕೂಲಿಯವನಿಗೆ ಇಂಥ ಆಸರೆ ಇಲ್ಲದ್ದರಿಂದ ತೊಗರಿಯ ರಾಶಿಯಾದ ಮೇಲಿನ ಹಣ, ಇಲ್ಲವೆ ಪರಿಚಯದ ಅಂಗಡಿಯವರ ಉದ್ದರಿ ಬೇಕಾಗುತ್ತಿತ್ತು. ಮದುವೆಯಲ್ಲಿ ಅಳಿಯನಿಗೆ ಸೈಕಲ್ಲು, ಗಡಿಯಾರ, ರೇಡಿಯೊ ಕೊಡುವ ವಾಡಿಕೆಯೂ ಬೆಳೆಯಿತು. ಹೆಣ್ಣಿನ ತಂದೆಯ ತಲೆಯ ಮೇಲೆ ಸಾಲವಾಗಿ ಕೂತ ಈ ವಾಡಿಕೆಯನ್ನು ಸೈಕಲ್ಲಿನ ಮೇಲಿನ ಪ್ರೀತಿಯ ಭರದಲ್ಲಿ ಮರೆಮಾಚುವುದು ತಪ್ಪಾಗುತ್ತದೆ. ಎಷ್ಟೋ ಮನೆಗಳಲ್ಲಿ ಇಂದಿಗೂ ಜೋಪಾನವಾಗಿರುವ ಸೈಕಲ್ ಆ ಮನೆಗೆ ಸೊಸೆಯ ಜೊತೆಗೇ ಬಂದದ್ದು, ಅದರ ಕಂತನ್ನು ತೀರಿಸಿದವರು ಬೇರೆ ಊರಿನಲ್ಲಿದ್ದವರು.

ಕೊಂಡ ಸೈಕಲ್ಲನ್ನು ತನ್ನದಾಗಿಸಿದ್ದು ದುರಸ್ತಿ. ಈ ನೆಲದ ಧೂಳು ಸುಣ್ಣದಕಲ್ಲಿನ ನುಣ್ಣನೆಯ ಪುಡಿ. ಚೈನಿನ ಎಣ್ಣೆಗೆ ಅದು ಅಂಟಿದರೆ ಎಣ್ಣೆಯೇ ಅರೆಯುವ ಮಸಿಯಾಗಿ ಹಲ್ಲುಚಕ್ರವನ್ನು ತಿನ್ನತೊಡಗುತ್ತದೆ, ಸಿಮೆಂಟಿನ ಪುಡಿಯ ಮೇಲೆ ಮಳೆಹನಿ ಬಿದ್ದರೆ ಕಡ್ಡಿಯ ಬುಡದಲ್ಲಿ ಗಟ್ಟಿ ಪೊರೆ ಕಟ್ಟುತ್ತದೆ. ಆದ್ದರಿಂದ ಆಗಾಗ ‘ಓವರಾಯಿಲಿಂಗ್’ ಮಾಡಿಸಬೇಕಾಗುತ್ತಿತ್ತು. ಎಂದರೆ, ಇಡೀ ಸೈಕಲ್ಲನ್ನು ಬಿಚ್ಚಿ, ಪ್ರತಿ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿ ಮರಳಿ ಜೋಡಿಸುವುದು. ಅಂಗಡಿಯವನು ಸೈಕಲ್ಲನ್ನು ತಲೆಕೆಳಗು ಮಾಡಿ ಸೀಟು ಮತ್ತು ಹ್ಯಾಂಡಲ್ ಮೇಲೆ ನಿಲ್ಲಿಸಿ, ಗಾಲಿ ಬಿಚ್ಚಿ, ನಡುವಿನ ಹಬ್ಬಿನೊಳಗಿನ ಉಕ್ಕಿನ ಸಣ್ಣ ಗುಂಡುಗಳನ್ನು ತಾಟಿಗೆ ಸುರಿದು, ಒಂದೊಂದನ್ನೇ ಬೆರಳ ನಡುವೆ ಹೊರಳಿಸಿ ನೋಡಿ, ಸವೆದದ್ದನ್ನು ಎಸೆದು, ಉಳಿದವನ್ನು ಗ್ರೀಸಿನ ಹಾಸಿನ ಮೇಲೆ ಸಾಲಾಗಿ ಕೂಡಿಸುತ್ತಿದ್ದನು. ಬಳಿಕ ಗಾಲಿಯ ಬೆಂಡ್ ತೆಗೆಯುವ ಕೆಲಸ: ಗಾಲಿಯನ್ನು ತಿರುಗಿಸಿ, ಅಂಚಿಗೆ ಸೀಮೆಸುಣ್ಣ ಹಿಡಿದು, ಗುರುತು ಬಿದ್ದ ಕಡೆಯ ಕಡ್ಡಿಗಳನ್ನು ಒಂದು ಬದಿಗೆ ಬಿಗಿದು ಇನ್ನೊಂದು ಬದಿಗೆ ಸಡಿಲಿಸುವುದು. ಒಡೆಯನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದನು. ಯಾವ ಗುಂಡು ಬದಲಾಯಿತು, ಯಾವ ಕಡ್ಡಿ ಹೊಸದು ಎಂಬುದು ಅವನಿಗೆ ಬಾಯಿಪಾಠವಾಗಿರುತ್ತಿತ್ತು. ಟಾಯರು, ಚೈನು, ಪೆಡಲು, ಸೀಟು ಎಲ್ಲವೂ ಹಲವು ಸಲ ಬದಲಾದ ಮೇಲೂ ಅದೇ ಸೈಕಲ್ ಎಂದು ಅವನು ಅಂದದ್ದರಲ್ಲಿ ಅರ್ಥವಿದೆ. ಚೌಕಟ್ಟೊಂದು ಉಳಿದಿತ್ತು, ಉಳಿದದ್ದನ್ನೆಲ್ಲ ಅವನೇ ಕಟ್ಟಿದ್ದನು. ಇಂಗ್ಲೆಂಡಿನ ಹೆಸರಿನ ಸೈಕಲ್ ಹಾಗೆ ಕಾಗಿಣಾ ಸೀಮೆಯದಾಯಿತು.

ಬೇಸಿಗೆಯ ತೊಂದರೆ ಬೇರೆಯದು. ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಗಾಳಿಬಾಯಿಯೊಳಗಿನ ಸಣ್ಣ ರಬ್ಬರ್ ನಳಿಗೆ, ಅಂಗಡಿಯ ಮಾತಿನಲ್ಲಿ ‘ವಾಲ್‌ಟ್ಯೂಬ್’, ಒಣಗಿ ಸೀಳಿ ರಾತ್ರಿಯೊಳಗೆ ಟಾಯರು ಚಪ್ಪಟೆಯಾಗುತ್ತಿತ್ತು. ಜೇಬಿನಲ್ಲಿ ಒಂದು ತುಂಡು ವಾಲ್‌ಟ್ಯೂಬ್ ಇಟ್ಟುಕೊಳ್ಳದೆ ರಾತ್ರಿಪಾಳಿಗೆ ಹೊರಡುವವನು ಅನುಭವವಿಲ್ಲದವನು. ರಸ್ತೆಯಂಚಿನ ಬಳ್ಳಾರಿ ಜಾಲಿಯ ಮುಳ್ಳು ವರ್ಷಪೂರ್ತಿ ಕಾದಿರುತ್ತಿತ್ತು. ಮಳೆಗಾಲದಲ್ಲಿ ಚಿತ್ತಾಪುರ ಕಡೆಯ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಲಿ ತಿರುಗದಂತಾಗಿ, ಹೊತ್ತೊಯ್ಯಬೇಕಾದ ಸೈಕಲ್ಲನ್ನೇ ಸವಾರನು ಹೆಗಲಿಗೇರಿಸಿ ನಡೆಯುತ್ತಿದ್ದನು. ಕಾಗಿಣಾ ಹೊಳೆ ತುಂಬಿ ದಂಡೋತಿಯ ಸೇತುವೆ ಮುಳುಗಿದರೆ ಆ ದಡದವರು ಆ ದಡದಲ್ಲಿಯೇ ಉಳಿಯುತ್ತಿದ್ದರು.

ಸ್ವಂತ ಸೈಕಲ್ ಇಲ್ಲದವರಿಗೆ ತಾಸಿನ ಲೆಕ್ಕದ ಬಾಡಿಗೆ ಸೈಕಲ್ ಇತ್ತು. ವಾಡಿಯಂಥ ಜಂಕ್ಷನ್ನಿನ ಊರಿನಲ್ಲಿ ಈ ಅಂಗಡಿಗಳಿಗೆ ಗಿರಾಕಿಗಳ ಕೊರತೆ ಇರಲಿಲ್ಲ. ಹೆಸರು, ಹೊರಟ ಹೊತ್ತು, ಸೈಕಲ್ಲಿನ ನಂಬರು ಬರೆದುಕೊಳ್ಳುವ ಪುಸ್ತಕವೊಂದೇ ಕರಾರು. ಮಕ್ಕಳು ಸವಾರಿ ಕಲಿತದ್ದು ಇವುಗಳ ಮೇಲೆ. ಸೀಟಿಗೆ ಕಾಲು ಮುಟ್ಟದ ಹುಡುಗರು ಚೌಕಟ್ಟಿನ ಅಡ್ಡಕೊಳವೆಯ ಕೆಳಗಿನಿಂದ ಬಲಗಾಲು ತೂರಿಸಿ, ಮೈ ಓರೆ ಮಾಡಿ ಅರ್ಧ ಪೆಡಲು ತುಳಿದು ಕಲಿತು, ಬೆಳೆದಂತೆ ಕೊಳವೆಯ ಮೇಲೆ, ಆಮೇಲೆ ಸೀಟಿನ ಮೇಲೆ ಬರುತ್ತಿದ್ದರು. ಸ್ಥಳೀಯ ಸಂಸ್ಥೆಗಳು ಸೈಕಲ್ಲಿನ ಮೇಲೆ ವರ್ಷದ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದ ಕಾಲವೂ ಇತ್ತು. ದೀಪವಿಲ್ಲದೆ ರಾತ್ರಿ ಸವಾರಿ ಮಾಡಿದರೆ, ಇಬ್ಬರು ಕೂತು ಹೋದರೆ ದಂಡ ತೆರಬೇಕಿತ್ತು. ಟಾಯರಿಗೆ ಉಜ್ಜಿ ತಿರುಗಿ ಬೆಳಕು ಕೊಡುವ ಡೈನಮೊ ಇದ್ದ ಸೈಕಲ್ಲಿಗೆ ಅದರಿಂದಲೇ ಹೆಚ್ಚಿನ ಮರ್ಯಾದೆ.

ಮಹಾನವಮಿಯಂದು ಉತ್ತರ ಕರ್ನಾಟಕದವರು ಮಾಡುವ ಖಂಡೆಪೂಜೆಯಲ್ಲಿ, ಎಂದರೆ ಆಯುಧ ಮತ್ತು ದುಡಿಮೆಯ ಸಾಮಾನುಗಳ ಪೂಜೆಯಲ್ಲಿ, ಕುಡಗೋಲು, ಕುಂಟೆ, ಗಣಿಯ ಸುತ್ತಿಗೆ, ಉಳಿಗಳ ಸಾಲಿಗೆ ಸೈಕಲ್ಲೂ ಬಂದು ನಿಂತಿತು. ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ, ಸೀಟಿನ ಮುಂದೆ ವಿಭೂತಿ-ಕುಂಕುಮ, ಗಾಲಿಯಡಿ ನಿಂಬೆಹಣ್ಣು. ಮುಸಲ್ಮಾನ ದುಡಿಮೆಗಾರರು, ಮೆಕ್ಯಾನಿಕ್ಕುಗಳು ಸೈಕಲ್ ದುರಸ್ತಿಯ ಕಸುಬಿನಲ್ಲಿ ತುಂಬ ಇದ್ದುದರಿಂದ ಹಬ್ಬದ ಹಿಂದಿನ ದಿನ ಸೈಕಲ್ಲನ್ನು ತೊಳೆದು ಮಿಂಚಿಸಿ ಕೊಡುವ ಕೈ ಒಬ್ಬರದು, ಮಾಲೆ ಹಾಕುವ ಕೈ ಇನ್ನೊಬ್ಬರದು ಆಗಿರುವುದು ಸಹಜವಾಗಿತ್ತು. ಈ ಸೀಮೆಯ ಜನಜೀವನದ ಚರಿತ್ರೆ ಬರೆಯುವವರು ದೊಡ್ಡ ಘಟನೆಗಳ ಜೊತೆಗೆ ಇಂಥ ಕೊಡುಕೊಳ್ಳುವಿಕೆಯನ್ನೂ ದಾಖಲಿಸಬೇಕು.

1980ರಲ್ಲಿ ಬಂದ ಟಿ.ವಿ.ಎಸ್. 50 ಮೊಪೆಡ್, ಐದು ವರ್ಷಗಳ ತರುವಾಯ ಬಂದ ಹೀರೊ ಹೋಂಡಾ, ಮುಂದೆ ಹಳ್ಳಿಹಳ್ಳಿಗೆ ಓಡಿದ ಟಂಟಂ ಆಟೊಗಳು ಸೈಕಲ್ಲಿನ ದಾರಿಯನ್ನು ಒಂದೊಂದಾಗಿ ಕಸಿದವು. 1990ರ ದಶಕದ ಕೊನೆಗೆ ಕುರಕುಂಟಾದ ಕಾರ್ಖಾನೆ ನಿಂತಿತು, ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯೂ ಮುಚ್ಚಿತು. ಕೆಲಸ ಹೋದವರ ಮನೆಯಲ್ಲಿ ಪಾಳಿಯ ಕಾಲದ ಗುರುತಾಗಿ ಉಳಿದದ್ದು ಹಾಜರಿ ಕಾರ್ಡು ಮತ್ತು ಸೈಕಲ್ಲು. ಗುಜರಿಯವನು ಕಿಲೊ ಲೆಕ್ಕದಲ್ಲಿ ಕೇಳಿದರೂ ಅದನ್ನು ಕೊಡಲು ಒಪ್ಪದ ಮುದುಕರನ್ನು ಮಕ್ಕಳು ಹಟಮಾರಿಗಳೆಂದು ಬಗೆಯುವುದುಂಟು. ಆದರೆ ಆ ಸೈಕಲ್ ಅವರ ಸಂಬಳದ ಬಹುಕಾಲದ ಸಾಕ್ಷಿ. ಅದರ ಬೆಲೆಯನ್ನು ಕಬ್ಬಿಣದ ತೂಕದಲ್ಲಿ ಎಣಿಸಲು ಒಪ್ಪದಿರುವುದು ನ್ಯಾಯವಾದದ್ದೇ.

ಸೈಕಲ್ಲಿನ ಹೊಸ ಅಧ್ಯಾಯವನ್ನು ಇಲ್ಲಿ ತೆರೆದವರು ಹುಡುಗಿಯರು. ಕರ್ನಾಟಕ ಸರ್ಕಾರ 2006-07ರಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿನಿಯರಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ, ಏಳನೆಯ ತರಗತಿಗೆ ಶಾಲೆ ಮುಗಿಯುತ್ತಿದ್ದ ಸೇಡಂ, ಚಿಂಚೋಳಿಗಳ ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳು ಪಕ್ಕದ ಊರಿನ ಹೈಸ್ಕೂಲಿಗೆ ಗುಂಪಾಗಿ ಹೋಗತೊಡಗಿದರು. ಅಡ್ಡಕೊಳವೆ ಇಲ್ಲದ, ಮುಂದೆ ಬುಟ್ಟಿ ಇರುವ ಈ ಸೈಕಲ್ಲು ಹಿಂದಿನದರಷ್ಟು ಗಟ್ಟಿಯಲ್ಲ. ಹೆಚ್ಚು ಭಾರ ಹೇರಿದರೆ ಹಿಂಗಾಲಿ ಬಾಗುತ್ತದೆ, ಬ್ರೇಕಿನ ತಂತಿ ಬೇಗ ಸಡಿಲಾಗುತ್ತದೆ. ಆದರೂ ಹತ್ತನೆಯ ತರಗತಿ ಮುಗಿದ ಮೇಲೆ ಅದು ಮೂಲೆ ಸೇರುವುದಿಲ್ಲ. ತಂದೆಯೊಡನೆ ಹೊಲಕ್ಕೆ, ತಮ್ಮನೊಡನೆ ಶಾಲೆಗೆ, ಹಾಲಿನ ಕ್ಯಾನಿನೊಡನೆ ಡೇರಿಗೆ ಹೋಗುತ್ತದೆ, ಬೆಂಡ್ ತೆಗೆಸಿಕೊಳ್ಳಲು ಅದೇ ಅಂಗಡಿಗೆ ಬರುತ್ತದೆ. ಅದನ್ನು ಮೊದಲು ತುಳಿದವಳು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದರೂ ಮನೆಯವರು ಇಂದಿಗೂ ಅದನ್ನು ಅವಳ ಹೆಸರಿನಿಂದಲೇ ಕರೆಯುತ್ತಾರೆ.