ಕಚ್ಚಾ ಮಾದರಿಯ ಕಾಲ

ಮಂಡ್ಯ ಜಿಲ್ಲೆಗೆ ಕಂಪ್ಯೂಟರ್ ಬಂದ ಕಥೆಯನ್ನು ಎಲ್ಲರೂ ‘ಭೂಮಿ’ಯಿಂದ ಶುರು ಮಾಡುತ್ತಾರೆ. ತಪ್ಪೇನಿಲ್ಲ. ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ ಆ ಸರ್ಕಾರಿ ಯೋಜನೆಯ ಪ್ರಯೋಗ ಮೊದಲು ನಡೆದದ್ದು ನಮ್ಮ ಮದ್ದೂರಿನಲ್ಲೇ. 2002ರ ಹೊತ್ತಿಗೆ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಗಳಲ್ಲೂ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೌಂಟರಿನ ಯಂತ್ರ ಒಳಗಿನ ಸರ್ವರಿನಿಂದ ಉತ್ತರ ತರಿಸುವುದನ್ನು ಸಾಲಿನಲ್ಲಿ ನಿಂತು ನೋಡಿದ ಅಕ್ಕಿ ಗಿರಣಿಯವರು, ತೂಕದ ಮನೆಗೂ ಬಿಲ್ಲಿನ ಕೋಣೆಗೂ ಹಾಗೇ ಸಂಪರ್ಕ ಮಾಡಿಕೊಡಿ ಎಂದು ನನ್ನಂಥ ಪೇಟೆ ಪ್ರೋಗ್ರಾಮರುಗಳನ್ನು ಕೇಳಿದರು.

ಕೇಂದ್ರ ಸರ್ಕಾರದ ಎನ್‌ಐಸಿ ಬರೆದ ‘ಭೂಮಿ’ಯ ಕೋಡ್ ನಮಗೆಲ್ಲಿ ಸಿಗಬೇಕು? ನಮ್ಮ ಆಸರೆ, ಮೈಕ್ರೋಸಾಫ್ಟ್ ಪ್ರೋಗ್ರಾಮರುಗಳಿಗೆಂದು ಹೊರತರುತ್ತಿದ್ದ ಎಂಎಸ್‌ಡಿಎನ್ ಸೀಡಿ. ಒಬ್ಬ ಮೈಸೂರಿನಿಂದ ತಂದರೆ, ಅದರೊಳಗಿನ ಮಾದರಿ ಕೋಡುಗಳು ಫ್ಲಾಪಿಯಲ್ಲಿ ಈ ತಾಲ್ಲೂಕುಗಳನ್ನೆಲ್ಲ ಸುತ್ತುತ್ತಿದ್ದವು. ಎರಡು ಯಂತ್ರಗಳನ್ನು ಮಾತಾಡಿಸುವ ವಿಷುಯಲ್ ಬೇಸಿಕ್‌ನ ವಿನ್‌ಸಾಕ್ ಮಾದರಿ ಹತ್ತಿಪ್ಪತ್ತು ಸಾಲಿನದು. ಸರ್ವರ್ 1001ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರುತ್ತದೆ, ಕ್ಲೈಂಟ್ ಕರೆಯುತ್ತದೆ, ಇಲ್ಲಿ ಟೈಪ್ ಮಾಡಿದ್ದು ಅಲ್ಲಿ ಮೂಡುತ್ತದೆ. ಅದು ಮೂಡಿದ ದಿನ ಕಾಫಿ ಗ್ಯಾರಂಟಿ.

ಆದರೆ ಮಾದರಿ ಒಂದು ಮಾತು ಹೇಳಿರಲಿಲ್ಲ. ಯಂತ್ರಗಳ ನಡುವೆ ಆ ಮಾತು ಸಾಗಿಸುವ ಟಿಸಿಪಿ ಅಕ್ಷರಗಳನ್ನು ಸಾಲಾಗಿ ತಲುಪಿಸುತ್ತದೆ. ಒಂದು ಸಂದೇಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂಬುದು ಅದಕ್ಕೆ ಬೇಕಿಲ್ಲ. ಒಂದು ಗಿರಣಿಯಲ್ಲಿ 12450 ಮತ್ತು 8320 ಕೆಜಿಯ ಎರಡು ಗಾಡಿ ಬೆನ್ನುಬೆನ್ನಿಗೆ ತೂಗಿ, ಬಿಲ್ಲಿನ ಕೋಣೆಯಲ್ಲಿ 124508320 ಎಂದು ಬಂತು. ರೈಟರು ಕನ್ನಡಕ ಏರಿಸಿ, “ಏನ್ ಸ್ವಾಮಿ, ಒಂದ್ ಗಾಡಿ ಹನ್ನೆರಡು ಕೋಟಿ ಕೆಜಿ ತೂಗ್ತದಾ?” ಎಂದರು. ಪ್ರತಿ ತೂಕದ ಕೊನೆಗೆ ಸಾಲು ಮುಗಿಸುವ ಗುರುತು ಹಾಕಿ, ಅದು ಬರುವವರೆಗೆ ಬಂದದ್ದನ್ನು ಕೂಡಿಡುವ ಉಪಾಯ ಆಮೇಲೆ ಫ್ಲಾಪಿಯ ಮಾದರಿಗೆ ಸೇರಿತು, ಮೇಲೊಂದು ಕಂಗ್ಲಿಷ್ ಟಿಪ್ಪಣಿ ಸಮೇತ. ನನ್ನ ಲೆಕ್ಕದಲ್ಲಿ ನಮ್ಮ ಕಸುಬಿನ ನಿಜವಾದ ಪಠ್ಯ ಆ ತಿದ್ದಿದ ಮಾದರಿಗಳೇ, ಸೀಡಿಯಲ್ಲಿದ್ದದ್ದಲ್ಲ.

ನಾವು ತಿದ್ದಿದ ವಿನ್‌ಸಾಕ್‌ನ ಬೇರು ನಮ್ಮೂರಿಂದ ಬಲು ದೂರ. ಪ್ರೋಗ್ರಾಮುಗಳು ಜಾಲದಲ್ಲಿ ಮಾತಾಡಲು ಬಳಸುವ ಸಾಕೆಟ್ ಎಂಬ ಏರ್ಪಾಡು 1983ರಲ್ಲಿ ಬರ್ಕಲಿಯ ಯುನಿಕ್ಸ್‌ನಲ್ಲಿ ಬಂತು. ವಿಂಡೋಸಿಗೆ ಅದರ ರೂಪ, ವಿನ್‌ಸಾಕ್ 1.1, ಸಿದ್ಧವಾದದ್ದು 1993ರಲ್ಲಿ. 2008ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ನಾವು ಬಳಸುತ್ತಿದ್ದ ವಿಷುಯಲ್ ಬೇಸಿಕ್ 6ಕ್ಕೆ ಬೆಂಬಲ ನಿಲ್ಲಿಸಿತು. ಅದರಲ್ಲಿ ಬರೆದ ಪ್ರೋಗ್ರಾಮುಗಳು ಮಾತ್ರ ಇವತ್ತಿನ ವಿಂಡೋಸಿನಲ್ಲೂ ಓಡುತ್ತವೆ.

‘ಭೂಮಿ’ಯ ಬಗ್ಗೆ ಪುಸ್ತಕ, ವರದಿ ಬೇಕಾದಷ್ಟಿವೆ. ಗಿರಣಿ, ಸೊಸೈಟಿಗಳಿಗೆ ಬರೆದ ಕೋಡಿನ ಬಗ್ಗೆ ಯಾರು ಬರೆಯುತ್ತಾರೆ? ನಿಮ್ಮ ಅಟ್ಟದಲ್ಲಿ ಆ ಕಾಲದ ಫ್ಲಾಪಿ, ಸೀಡಿ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಪ್ರತಿ ತೆಗೆದಿಡಿ.