ಕೆಂಪು ಬಟನ್ ಎಲ್ಲಿ ಹೋಯಿತು?

ನಮ್ಮ ಕಡೆ ‘ಡಿಜೆ’ ಅಂದರೆ ಟ್ರ್ಯಾಕ್ಟರ್ ಮೇಲೆ ಪೇರಿಸಿದ ಬಾಕ್ಸುಗಳು ಎಂದೇ ಅರ್ಥ. ಚೌಳಹಿರಿಯೂರಿನಿಂದ ಕಡೂರು, ಬೀರೂರು, ಅಜ್ಜಂಪುರದವರೆಗೆ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಗಣಪತಿ ಬಿಡುವ ದಿನ ಪೊಲೀಸರು ತಡೆಯುವುದೂ ಆ ಬಾಕ್ಸುಗಳನ್ನೇ. ಈ ಬರಹ ಬಾಕ್ಸಿನದ್ದಲ್ಲ. ಬಾಕ್ಸಿಗೆ ಹಾಡು ಕಳಿಸಲು ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಳ್ಳುವ ಪುಟ್ಟ ಯಂತ್ರದ್ದು. ಎರಡು ತಿರುಗುವ ಚಕ್ರ, ನಡುವೆ ಮೇಲೆ ಕೆಳಗೆ ಎಳೆಯುವ ಪಟ್ಟಿಗಳು, ಒಂದಷ್ಟು ಬಟನ್. ಅಂಗಡಿಯವರು ಅದನ್ನು ಕಂಟ್ರೋಲರ್ ಅನ್ನುತ್ತಾರೆ.

ಕೊಬ್ಬರಿ ಮಾರಿದ ದುಡ್ಡಲ್ಲೋ, ಬೆಂಗಳೂರಿನ ದುಡಿಮೆಯಲ್ಲಿ ಉಳಿಸಿದ್ದರಲ್ಲೋ ಇಂಥದ್ದೊಂದನ್ನು ಕೊಂಡು ತಂದ ಹುಡುಗರಿಗೆ ಮೊದಲ ವಾರದಲ್ಲೇ ಒಂದು ಬೀಗ ಎದುರಾಗುತ್ತದೆ. ಯಂತ್ರ ಅವರದು, ಲ್ಯಾಪ್‌ಟಾಪ್ ಅವರದು, ಹಾಡು ಜೋಡಿಸಿದ ಕೈಯೂ ಅವರದು. ಆದರೆ ಜೋಡಿಸಿದ್ದನ್ನು ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕೋಣವೆಂದರೆ ಸಾಫ್ಟ್‌ವೇರು ಹಣ ಕೇಳುತ್ತದೆ. ಹೀಗೆ ಮಾಡುವುದು ಸರಿಯೇ ಅನ್ನುವುದಕ್ಕೆ ನಾವು ಸ್ವಲ್ಪ ಹಿಂದಕ್ಕೆ ಹೋಗಿ ಉತ್ತರ ಹುಡುಕಿದೆವು.

ಅಗ್ಗದ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ಇರುವ ದೂರ ಸಣ್ಣದಲ್ಲ. ಪಯನಿಯರ್ ಡಿಜೆ 2019ರಲ್ಲಿ ತಂದ ಡಿಡಿಜೆ-200ರ ಬೆಲೆ ಆಗ ಅಮೆರಿಕದಲ್ಲಿ 149 ಡಾಲರ್ ಇತ್ತು. ಮರುವರ್ಷ ಸಿಡಿಜೆ-3000 ಬಂದಾಗ ಅದರ ಬೆಲೆ 2,299 ಡಾಲರ್ ಇತ್ತು. ಅದೂ ಒಂದಕ್ಕೆ! ಎರಡು ಬೇಕು, ನಡುವೆ ಮಿಕ್ಸರ್ ಬೇರೆ. ಹಾಗಾಗಿ 149 ಡಾಲರಿನದ್ದರಲ್ಲಿ ಏನಾದರೂ ಕಡಿಮೆ ಇರಲೇಬೇಕು. ಇದೆ ಕೂಡ. ಡಿಡಿಜೆ-200ರೊಳಗೆ ಸೌಂಡ್ ಕಾರ್ಡೇ ಇಲ್ಲ. ಬಾಕ್ಸಿಗೆ ಈಗಿನ ಹಾಡು, ಹೆಡ್‌ಫೋನಿಗೆ ಮುಂದಿನ ಹಾಡು ಹೋಗಬೇಕಾದರೆ ಜೊತೆಗೆ ಕೊಟ್ಟ ಕವಲು ಕೇಬಲ್ ಸಿಕ್ಕಿಸಬೇಕು. ಇದಕ್ಕೆ ನಮ್ಮ ತಕರಾರಿಲ್ಲ. ಸೌಂಡ್ ಕಾರ್ಡಿಗೆ ಖರ್ಚು ಬೀಳುತ್ತದೆ, ಬಿಟ್ಟರು, ಬೆಲೆ ಇಳಿಯಿತು. ಪ್ರಶ್ನೆ ಇರುವುದು ಬಿಡಿಭಾಗದ ಖರ್ಚೇ ಇಲ್ಲದ, ಸಾಫ್ಟ್‌ವೇರಿನಲ್ಲಿ ಬರೆದು ಮುಗಿಸಿದ ಮೇಲೆ ಅಗ್ಗದವರಿಗೆ ಮಾತ್ರ ಮುಚ್ಚಿಟ್ಟ ಸೌಲಭ್ಯಗಳದ್ದು.

ಮೊದಲು ಹೀಗಿರಲಿಲ್ಲ. ಮೈಕ್ ಸೆಟ್ ಕಾಲ ನೆನಪಿರುವವರು ಮನೆಯಲ್ಲಿದ್ದರೆ ಕೇಳಿ ನೋಡಿ. ಶಾಮಿಯಾನದ ಪಕ್ಕ ಒಂದು ಮೇಜು, ಅದರ ಮೇಲೆ ಆಂಪ್ಲಿಫೈಯರ್, ತೆಂಗಿನ ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರು. ಮೊದಲು ಗ್ರಾಮಫೋನ್ ಪ್ಲೇಟು, ಆಮೇಲೆ ಕ್ಯಾಸೆಟ್ಟು. ಅಗ್ಗದ ಆಂಪ್ಲಿಫೈಯರಿಗೆ ವಾಟ್ ಕಡಿಮೆ, ಮೈಕ್ ಸಿಕ್ಕಿಸುವ ತೂತು ಕಡಿಮೆ. ಇಲ್ಲದ್ದು ಕಣ್ಣಿಗೇ ಕಾಣುತ್ತಿತ್ತು. ಮೂರನೇ ಮೈಕ್ ಬೇಕೆಂದರೆ ದೊಡ್ಡ ಸೆಟ್ಟು ತರಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಡಿಜೆಗಳ ಲೋಕದಲ್ಲೂ ಅಷ್ಟೇ. ಜಪಾನಿನ ಮತ್ಸುಶಿತ ಕಂಪನಿಯ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಪ್ಲೇಟು ತಿರುಗಿಸುವ ಯಂತ್ರ 1972ರಲ್ಲಿ ಬಂತು. 1979ರ ಎಂಕೆ2 ಮಾದರಿಯಲ್ಲಿ ವೇಗವನ್ನು ಶೇ. 8ರಷ್ಟು ಹೆಚ್ಚು ಕಡಿಮೆ ಮಾಡುವ ಉದ್ದನೆಯ ಎಳೆಪಟ್ಟಿ ಸೇರಿತು. ಎರಡು ಹಾಡುಗಳ ಪೆಟ್ಟು ಕೂಡಿಸಲು ಅದೇ ಸಾಧನ. ಅದರ ಮೋಟಾರು ತಟ್ಟೆಯನ್ನು ನೇರವಾಗಿ ತಿರುಗಿಸುತ್ತದೆ. ಅಗ್ಗದ ಯಂತ್ರಗಳಲ್ಲಿ ಮೋಟಾರಿಗೂ ತಟ್ಟೆಗೂ ನಡುವೆ ರಬ್ಬರ್ ಬೆಲ್ಟ್, ನಮ್ಮ ಹಿಟ್ಟಿನ ಗಿರಣಿಯ ಹಾಗೆ. ಕೈಯಲ್ಲಿ ತಡೆದು ಬಿಟ್ಟರೆ ಮತ್ತೆ ವೇಗ ಹಿಡಿಯಲು ತಡವಾಗುತ್ತಿತ್ತು. ಒಳ್ಳೆಯ ಮೋಟಾರಿಗೆ ಒಳ್ಳೆಯ ದುಡ್ಡು, ಅದರಲ್ಲಿ ಮೋಸವೇನಿಲ್ಲ.

ಈಗ ಕೆಂಪು ಬಟನ್ ವಿಚಾರ. 1979ರಲ್ಲಿ ಸೋನಿ ವಾಕ್‌ಮನ್ ತಂದಿತು. ಪತ್ರಕರ್ತರಿಗೆಂದು ಮಾಡಿದ್ದ ಪ್ರೆಸ್‌ಮನ್ ಎಂಬ ಪುಟ್ಟ ರೆಕಾರ್ಡರನ್ನೇ ತೆಗೆದುಕೊಂಡು, ರೆಕಾರ್ಡ್ ಮಾಡುವ ಭಾಗವನ್ನೂ ಸ್ಪೀಕರನ್ನೂ ಕಿತ್ತುಹಾಕಿ, ಸ್ಟೀರಿಯೊ ಕೇಳುವ ವ್ಯವಸ್ಥೆ ಕೂರಿಸಿದರು. (ಪತ್ರಿಕೋದ್ಯಮ ಓದಿದ ನಮಗೆ ಇದು ಸ್ವಲ್ಪ ಹೊಟ್ಟೆ ಉರಿಸುವ ಸಂಗತಿ.) ರೆಕಾರ್ಡ್ ಆಗದ ಟೇಪು ಯಾರಿಗೆ ಬೇಕು ಎಂದು ಕಂಪನಿಯೊಳಗೇ ಅನುಮಾನವಿತ್ತು, ಆದರೂ ಲೋಕವೆಲ್ಲ ಕೊಂಡಿತು. ಅಲ್ಲಿಯೂ ಒಂದನ್ನು ತೆಗೆದು ಆ ಜಾಗದಲ್ಲಿ ಇನ್ನೊಂದನ್ನು ಕೊಟ್ಟಿದ್ದರು.

ನಮ್ಮ ಹಳ್ಳಿಗಳಿಗೆ ಬಂದದ್ದು ವಾಕ್‌ಮನ್‌ಗಿಂತ ಹೆಚ್ಚಾಗಿ ಟೂ ಇನ್ ಒನ್. ರೇಡಿಯೊ ಮತ್ತು ಟೇಪು ಒಂದೇ ಡಬ್ಬದಲ್ಲಿ. ಸಾಧಾರಣ ಬೆಲೆಯದ್ದರಲ್ಲೂ ಕೆಂಪು ಬಟನ್ ಇರುತ್ತಿತ್ತು. ಪ್ಲೇ ಜೊತೆ ಅದನ್ನು ಒತ್ತಿದರೆ ಆಕಾಶವಾಣಿಯ ಚಿತ್ರಗೀತೆ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ಅಜ್ಜಿಯ ಸೋಬಾನೆ ಪದ, ಭಜನೆ, ಮಗುವಿನ ತೊದಲು ಮಾತು, ಊರಿನ ನಾಟಕ ಹೀಗೆ ಎಷ್ಟೋ ಮನೆಗಳಲ್ಲಿ ಉಳಿದವು. ಬಡವರ ಯಂತ್ರಕ್ಕೆ ಕೇಳಿಸುವ ಕೆಲಸ ಸಾಕು, ಉಳಿಸಿಕೊಳ್ಳುವ ಕೆಲಸ ಬೇಡ ಎಂದು ಯಾರಾದರೂ ಆಗ ತೀರ್ಮಾನಿಸಿದ್ದರೆ ಆ ದನಿಗಳು ಇರುತ್ತಿರಲಿಲ್ಲ.

ಬೀಗದ ಕಥೆ ಶುರುವಾಗುವುದು ಡಿಜೆಗಳಿಂದಲ್ಲ, ಕಂಪ್ಯೂಟರಿನಿಂದ. 1990ರಲ್ಲಿ ಐಬಿಎಂ ಲೇಸರ್ ಪ್ರಿಂಟರಿನ ಅಗ್ಗದ ಮಾದರಿಯೊಂದನ್ನು ತಂದಿತು. ದುಬಾರಿಯದ್ದು ನಿಮಿಷಕ್ಕೆ 10 ಹಾಳೆ, ಅಗ್ಗದ್ದು 5. ಎರಡರ ಒಡಲೂ ಹೆಚ್ಚು ಕಡಿಮೆ ಒಂದೇ. ಅಗ್ಗದ್ದು ನಡುನಡುವೆ ಸುಮ್ಮನೆ ಕಾಯುವಂತೆ ಮಾಡಿದ್ದರು ಅಷ್ಟೆ. ಮರುವರ್ಷ ಇಂಟೆಲ್ 486ಎಸ್‌ಎಕ್ಸ್ ಚಿಪ್ ತಂದಿತು. ಲೆಕ್ಕ ಮಾಡುವ ಭಾಗವನ್ನು ನಿಷ್ಕ್ರಿಯಗೊಳಿಸಿದ 486 ಅದು. ಆ ಭಾಗ ಬೇಕೆಂದವರಿಗೆ 487 ಎಂಬ ಇನ್ನೊಂದು ಚಿಪ್ ಮಾರಿದರು. ತಮಾಷೆಯೆಂದರೆ ಅದು ಪೂರ್ತಿ 486 ಚಿಪ್ಪೇ. ಕೂರಿಸಿದ ಕೂಡಲೇ ಹಳೆಯ ಚಿಪ್ಪನ್ನು ಮಲಗಿಸಿ ಎಲ್ಲ ಕೆಲಸವನ್ನೂ ತಾನೇ ಮಾಡುತ್ತಿತ್ತು. ಹಸುವಿನ ಎರಡು ಮೊಲೆ ಕಟ್ಟಿ ಕಡಿಮೆ ಬೆಲೆಗೆ ಮಾರಿದ ಹಾಗೆ.

ಇದಕ್ಕೂ ಹಳೆಯ ಉದಾಹರಣೆ ರೈಲಿನದು. ಫ್ರಾನ್ಸಿನ ಎಂಜಿನಿಯರ್ ಜೂಲ್ ದುಪ್ವಿ 1849ರಲ್ಲೇ ಬರೆದಿದ್ದ: ಮೂರನೇ ದರ್ಜೆಯ ಬೋಗಿಗೆ ಚಾವಣಿ ಇಲ್ಲದಿರುವುದು ಚಾವಣಿಗೆ ಖರ್ಚಾಗುತ್ತದೆ ಎಂದಲ್ಲ, ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವನು ಮೂರನೆಯದಕ್ಕೆ ಇಳಿಯದಿರಲಿ ಎಂದು. ಬಡವನನ್ನು ನೋಯಿಸುವುದು ಕಂಪನಿಯ ಉದ್ದೇಶವಲ್ಲ, ಉಳ್ಳವನನ್ನು ಹೆದರಿಸುವುದು ಉದ್ದೇಶ. ಮಳೆಯಲ್ಲಿ ನೆನೆಯುವವನು ಮಾತ್ರ ಬಡವ.

ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತುವ ನಮಗೂ ಇದರ ಪಾಲು ಸಿಕ್ಕಿದೆ. ಭಾರತೀಯ ರೈಲಿನಲ್ಲಿ ಮೂರನೇ ದರ್ಜೆ ಎಂಬ ಹೆಸರು 1974ರಲ್ಲಿ ಹೋಯಿತು, ಮರದ ಹಲಗೆ ಹೋಗಲಿಲ್ಲ. 1977ರಿಂದ 79ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಮಧು ದಂಡವತೆ ಎರಡನೇ ದರ್ಜೆಯ ಸ್ಲೀಪರ್ ಹಲಗೆಗಳ ಮೇಲೆ ಎರಡು ಇಂಚು ಫೋಮ್ ಹಾಕಿಸಲು ಶುರುಮಾಡಿದರು. ಇವತ್ತು ಅದಿಲ್ಲದ ಸ್ಲೀಪರ್ ಬೋಗಿ ನಾವು ಊಹಿಸುವುದೂ ಇಲ್ಲ. ಹಾಗಂತ ಮೇಲಿನ ದರ್ಜೆಗಳಿಗೆ ಗಿರಾಕಿ ಇಲ್ಲವಾಗಲಿಲ್ಲ. ಏಸಿ ಬೋಗಿಗೆ ಈಗಲೂ ವೇಟಿಂಗ್ ಲಿಸ್ಟ್ ಇದೆ.

ಡಿಜೆ ಯಂತ್ರಕ್ಕೆ ಮರಳೋಣ. ನ್ಯೂಜಿಲೆಂಡಿನ ಸೆರಾಟೊ ಕಂಪನಿ 2004ರಲ್ಲಿ ಸ್ಕ್ರ್ಯಾಚ್ ಲೈವ್ ತಂದಾಗ ವ್ಯವಹಾರ ಸರಳವಾಗಿತ್ತು. ರೇನ್ ಕಂಪನಿಯ ಪೆಟ್ಟಿಗೆ ಕೊಂಡರೆ ಸಾಫ್ಟ್‌ವೇರ್ ಬರುತ್ತಿತ್ತು. ಪೆಟ್ಟಿಗೆಯೇ ಬೀಗದ ಕೈ. ಅಗ್ಗದ ಕಂಟ್ರೋಲರುಗಳು ಹೆಚ್ಚಾದ ಮೇಲೆ, 2011ರಲ್ಲಿ, ಸೆರಾಟೊ ಡಿಜೆ ಇಂಟ್ರೊ ಎಂಬ ಕಡಿತದ ಆವೃತ್ತಿ ಬಂತು. 2018ರಲ್ಲಿ ಅದರ ಜಾಗಕ್ಕೆ ಲೈಟ್ ಬಂತು, ಪೂರ್ತಿಯದ್ದಕ್ಕೆ ಪ್ರೊ ಎಂದು ಹೆಸರಾಯಿತು. ಲೈಟಿನಲ್ಲಿ ಹಾಡಿನೊಳಗೆ ಗುರುತು ಇಡಲು ನಾಲ್ಕು ಜಾಗ, ಪ್ರೊದಲ್ಲಿ ಎಂಟು. ರೆಕಾರ್ಡಿಂಗ್ ಪ್ರೊದಲ್ಲಿ ಮಾತ್ರ. ಪಯನಿಯರ್ ಕಡೆಯ ರೆಕಾರ್ಡ್‌ಬಾಕ್ಸ್ 2020ರ ಆರನೇ ಆವೃತ್ತಿಯಿಂದ ತಿಂಗಳ ಚಂದಾ ಪದ್ಧತಿಗೆ ಬಂತು, ಕೆಲವು ಯಂತ್ರ ಸಿಕ್ಕಿಸಿದರೆ ಕೆಲವು ಸೌಲಭ್ಯ ಚಂದಾ ಇಲ್ಲದೆ ತೆರೆಯುತ್ತವೆ. ವರ್ಷದಲ್ಲಿ ಗಣಪತಿ ತಿಂಗಳು, ಜಾತ್ರೆ, ಮದುವೆ ಸೀಸನ್ ಬಿಟ್ಟರೆ ಯಂತ್ರ ಅಟ್ಟದ ಮೇಲಿಡುವ ಹುಡುಗನಿಗೆ ತಿಂಗಳ ಚಂದಾ ಎಂಬುದೇ ಹೊಂದದ ಲೆಕ್ಕ.

ಕಂಪನಿಯ ಪರ ಹೇಳುವುದಕ್ಕೂ ಇದೆ, ಅದನ್ನು ನಾವು ತಳ್ಳಿಹಾಕುವುದಿಲ್ಲ. ಸಾಫ್ಟ್‌ವೇರ್ ಬರೆಯುವವರಿಗೆ ಸಂಬಳ ಕೊಡಬೇಕು. ಎಲ್ಲವನ್ನೂ ಅಗ್ಗದ್ದರಲ್ಲೇ ಕೊಟ್ಟರೆ ದುಬಾರಿಯದ್ದು ಕೊಳ್ಳುವವರು ಇಳಿದು ಬರುತ್ತಾರೆ, ಆಗ ಕಂಪನಿ ಅಗ್ಗದ್ದನ್ನೇ ನಿಲ್ಲಿಸಬಹುದು. ರೇಮಂಡ್ ಡೆನೆಕೆರೆ ಮತ್ತು ಪ್ರೆಸ್ಟನ್ ಮೆಕಾಫಿ ಎಂಬ ಅರ್ಥಶಾಸ್ತ್ರಜ್ಞರು 1996ರಲ್ಲಿ ಐಬಿಎಂ, ಇಂಟೆಲ್ ಉದಾಹರಣೆಗಳನ್ನೇ ಇಟ್ಟುಕೊಂಡು, ಬೇಕೆಂದೇ ಕೆಡಿಸಿದ ಸರಕಿನಿಂದ ಕೆಲವು ಸಂದರ್ಭದಲ್ಲಿ ಕಂಪನಿ, ಉಳ್ಳವ, ಬಡವ ಮೂವರಿಗೂ ಲಾಭವಾಗಬಹುದು ಎಂದು ಲೆಕ್ಕ ಹಾಕಿ ತೋರಿಸಿದರು. ಅರ್ಧ ವೇಗದ ಪ್ರಿಂಟರು ಇಲ್ಲದಿದ್ದರೆ ಸಣ್ಣ ಅಂಗಡಿಯವನಿಗೆ ಪ್ರಿಂಟರೇ ಇರುತ್ತಿರಲಿಲ್ಲ. ಕಡಿತವೆಲ್ಲ ಅನ್ಯಾಯ ಎನ್ನುವುದು ನಮ್ಮ ವಾದವಲ್ಲ. ಹತ್ತಾರು ಬಗೆಯ ಎಫೆಕ್ಟು, ನಾಲ್ಕು ಡೆಕ್ಕು, ವಿಡಿಯೊ, ಇವನ್ನೆಲ್ಲ ದುಬಾರಿಯವರಿಗೇ ಇಟ್ಟುಕೊಳ್ಳಲಿ. ರೆಕಾರ್ಡಿಂಗ್ ಮಾತ್ರ ನಮ್ಮ ಮಟ್ಟಿಗೆ ಆ ಎರಡು ಇಂಚು ಫೋಮ್. ಕಲಿಯುವವನು ತನ್ನ ತಪ್ಪು ಕೇಳಿಸಿಕೊಳ್ಳುವುದು ಅದರಿಂದ. ಪಕ್ಕದ ಊರಿನ ಮದುವೆಯವರು ಇವನಿಗೆ ಅಡ್ವಾನ್ಸ್ ಕೊಡುವುದೂ ಅದನ್ನು ಕೇಳಿಯೇ.

ಸಿಂಕ್ ಬಟನ್ ಬಗ್ಗೆ ವಾದವೇ ಬೇರೆ. ಅದನ್ನು ಒತ್ತಿದರೆ ಎರಡು ಹಾಡಿನ ವೇಗ ತಾನಾಗಿ ಕೂಡುತ್ತದೆ. ಅಗ್ಗದ ಯಂತ್ರದಲ್ಲಿ ಅದು ಇರಬಾರದು, ಹುಡುಗರ ಕಿವಿ ಮೊಂಡಾಗುತ್ತದೆ ಎನ್ನುವ ಹಿರಿಯ ಡಿಜೆಗಳಿದ್ದಾರೆ. ಇತಿಹಾಸ ಇಲ್ಲಿ ತಿರುವುಮುರುವು. ಕ್ಲಬ್ಬುಗಳ ದೊಡ್ಡ ಯಂತ್ರ ಸಿಡಿಜೆ-2000 2009ರಲ್ಲಿ ಬಂದಾಗ ಅದರಲ್ಲಿ ಸಿಂಕ್ ಇರಲಿಲ್ಲ, 2012ರ ನೆಕ್ಸಸ್ ಮಾದರಿಯಲ್ಲಿ ಬಂತು. ಲ್ಯಾಪ್‌ಟಾಪ್ ಸಾಫ್ಟ್‌ವೇರುಗಳಲ್ಲಿ ಅದಕ್ಕೂ ಎಷ್ಟೋ ಮೊದಲೇ ಇತ್ತು. ಕಿವಿ ಪಳಗಬೇಕು ಅನ್ನುವುದನ್ನು ನಾವೂ ಒಪ್ಪುತ್ತೇವೆ. ಅದಕ್ಕೆ ಬಟನ್ ಒತ್ತದಿದ್ದರಾಯಿತು.

ನಮಗೆ ಇದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು. ಈ ಸಾಫ್ಟ್‌ವೇರುಗಳು ಹಾಡಿನ ಪೆಟ್ಟುಗಳನ್ನು ತಾವೇ ಎಣಿಸಿ ಒಂದೇ ಅಳತೆಯ ಗೆರೆ ಹಾಕಿಕೊಳ್ಳುತ್ತವೆ. ಯಂತ್ರದಲ್ಲಿ ತಯಾರಾದ ಕುಣಿತದ ಹಾಡಿಗೆ ಅದು ಸರಿಯಾಗಿ ಕೂರುತ್ತದೆ. ಡೊಳ್ಳು, ತಮಟೆ, ವೀರಗಾಸೆಯ ಸಂಬಾಳ ಮನುಷ್ಯರ ಕೈಯಲ್ಲಿ ನುಡಿಯುವಂಥವು. ಕುಣಿತ ಏರಿದಂತೆ ವೇಗ ಏರುತ್ತದೆ, ಗೆರೆ ತಪ್ಪುತ್ತದೆ. ಆಗ ಬೇಕಾಗುವುದು ಗೆರೆಗಳನ್ನು ಕೈಯಿಂದ ತಿದ್ದುವ ಸೌಲಭ್ಯ. ದೂರದ ಊರಿನ ಕಚೇರಿಯಲ್ಲಿ ಕೂತು ಯಾವುದು ಅಗತ್ಯ, ಯಾವುದು ಐಷಾರಾಮ ಎಂದು ಪಟ್ಟಿ ಮಾಡುವವರಿಗೆ ಇದು ಪರಿಣತರ ಆಟಿಕೆಯಂತೆ ಕಾಣಬಹುದು. ಅಂತರಘಟ್ಟೆ ಜಾತ್ರೆಗೆ ಹಾಡು ಸಿದ್ಧ ಮಾಡುವವನಿಗೆ ಎಲ್ಲ ಎಫೆಕ್ಟುಗಳಿಗಿಂತ ಮೊದಲು ಬೇಕಾದದ್ದು ಇದೇ.

ಬೀಗ ಹಾಕಿದರೆ ಜನ ಸುಮ್ಮನಿರುವುದಿಲ್ಲ ಅನ್ನುವುದೂ ಗೊತ್ತಿರುವ ವಿಷಯ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಹೋಗುವ ಕ್ರ್ಯಾಕ್ ಸಾಫ್ಟ್‌ವೇರು, ಅದರ ಜೊತೆಗೆ ವೈರಸ್ಸು, ದಿಬ್ಬಣ ಹೊರಟ ಹೊತ್ತಿಗೆ ಸರಿಯಾಗಿ ನಿಂತುಹೋಗುವ ಲ್ಯಾಪ್‌ಟಾಪ್. ಇದು ಬೇಕಿಲ್ಲ, ಬೇರೆ ದಾರಿ ಇದೆ. ಟೂ ಹೇಸ್ಟ್ ಆಂಡರ್ಸನ್ ಎಂಬ ಸಂಶೋಧಕ 2001ರಲ್ಲಿ ತನ್ನ ಪಿಎಚ್‌ಡಿ ಕೆಲಸಕ್ಕೆಂದು ಶುರುಮಾಡಿದ ಮಿಕ್ಸ್ ಎಂಬ ಡಿಜೆ ಸಾಫ್ಟ್‌ವೇರು ಇಂದಿಗೂ ಉಚಿತ. ಅದರ ಮೂಲ ಬರಹವೂ ಎಲ್ಲರಿಗೂ ತೆರೆದದ್ದು. ಇಂಗ್ಲಿಷಿನಲ್ಲಿ ಅದರ ಹೆಸರಿಗೆ ಎಂ, ಐ ಆದ ಮೇಲೆ ಮೂರು ಎಕ್ಸ್, ಹುಡುಕುವಾಗ ಗಮನಿಸಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಡಿಡಿಜೆ-200, ಡಿಡಿಜೆ-400 ಥರದ ಅಗ್ಗದ ಯಂತ್ರಗಳನ್ನು ಗುರುತಿಸುತ್ತದೆ. ದೊಡ್ಡ ಕಂಪನಿಗಳದ್ದರಷ್ಟು ನಯ ಇಲ್ಲ, ಮೊದಲ ಸಲ ಸೆಟ್ಟಿಂಗ್ ಕೂರಿಸಲು ಒಂದು ಸಂಜೆ ಬೇಕಾಗಬಹುದು. ರೆಕಾರ್ಡ್ ಬಟನ್ ಇದೆ, ಒತ್ತಿದರೆ ರೆಕಾರ್ಡ್ ಆಗುತ್ತದೆ.